ಪೋಕರ್ ಬ್ಯಾರಿಗಳ ಅಕ್ಕಿ ಮಿಲ್ಲಿನ ಇಂಜಿನ್ನಿಗೆ, ನಮ್ಮ ಬ್ಯಾಂಡಿನ ತಾಳ ಕೆಡಿಸಿದ ಬಗ್ಗೆ

ಕಡಬ,
೧೯೬೧ನೇ ಇಸವಿ ಜನವರಿ ೨೨, ಆದಿತ್ಯವಾರ

ಮಾನ್ಯರೇ,

ಘನತೆವೆತ್ತ ಇಂಜಿನ್ ಮಹಾಶಯರೇ, ಕಡಬ ಪೇಟೆಯ ಸರ್ವಜನ ಬ್ಯಾಂಡ್ ಸಂಘದ ಕಾರ್ಯದರ್ಶಿಯೂ, ಅದೇ ಬ್ಯಾಂಡಿನಲ್ಲಿ ಎರಡನೇ ಕ್ಲಾರಿಯೋನೆಟ್ಟು ಊದುವವನೂ, ಹೊಟ್ಟೆಪಾಡಿಗೆ ಸೊಸೈಟಿಯ ಗುಮಾಸ್ತನೂ ಆದ ಪದ್ಮಯ್ಯನೆಂಬವನು ತಮ್ಮ ಎರಡೂ ಚಕ್ರಗಳಿಗೆ ಬೇರೆ ಬೇರೆಯಾಗಿ ನಮಸ್ಕರಿಸಿ, ತಮ್ಮ ಹೊಗೆಕೊಳವೆ ಎಂದೆಂದಿಗೂ ಕಟ್ಟದಿರಲೆಂದು ಹಾರೈಸಿ, ಬಹಳ ವಿನಯದಿಂದಲೂ ಅದಕ್ಕಿಂತ ಸ್ವಲ್ಪ ಹೆಚ್ಚು ಸಿಟ್ಟಿನಿಂದಲೂ ಬರೆದುಕೊಳ್ಳುವ ದೂರು ಇದು. ತಮಗೆ ಓದಲು ಬಾರದೆಂಬುದು ನನಗೆ ತಿಳಿದಿದೆ. ಆದರೂ ಇದನ್ನು ಮಿಲ್ಲಿನ ಬಾಗಿಲಿಗೆ ಅಂಟಿಸುತ್ತಿದ್ದೇನೆ, ಯಾಕೆಂದರೆ ನಮ್ಮ ಸಂಘದ ಸದಸ್ಯರು ಅವರಿಗೆಂದೇ ಬರೆದ ನೋಟೀಸನ್ನು ಯಾವತ್ತೂ ಓದುವುದಿಲ್ಲ, ಬೇರೆಯವರಿಗೆ ಬರೆದ ಪತ್ರವನ್ನಾದರೆ ಒಂದಕ್ಷರ ಬಿಡದೆ ಓದುತ್ತಾರೆ.

ದೂರಿನ ಸಾರಾಂಶವನ್ನು ಮೊದಲೇ ಹೇಳಿಬಿಡುತ್ತೇನೆ. ತಾವು ಕಳೆದ ಮಳೆಗಾಲದಿಂದ, ಯಾರ ನೇಮಕವೂ ಇಲ್ಲದೆ, ಯಾವ ಸಭೆಯ ಠರಾವೂ ಇಲ್ಲದೆ, ನಮ್ಮ ಬ್ಯಾಂಡಿನ ಮಾಸ್ತರಿಕೆಯನ್ನು ಗುಟ್ಟಾಗಿ ನಡೆಸಿಕೊಂಡು ಬಂದಿದ್ದೀರಿ. ಈಗ ಊರಿಗೆ ಕರೆಂಟು ಬಂತು, ಬ್ಯಾರಿಗಳು ಮಿಲ್ಲಿಗೆ ಮೋಟಾರು ಕೂರಿಸಿದರು ಎಂಬ ಸಣ್ಣ ನೆಪ ಹಿಡಿದು, ಕೊಲ್ಲಮೊಗ್ರಿನ ಯಾರದೋ ತೋಟಕ್ಕೆ ನೀರೆತ್ತುವ ಕೆಲಸ ಒಪ್ಪಿಕೊಂಡು ಹೊರಟಿದ್ದೀರಿ. ಗಣರಾಜ್ಯದ ದಿನ ಸಂಜೆ, ಬ್ಲಾಕಿನ ಅಧಿಕಾರಿಗಳ ಸಮಕ್ಷಮ, ನಮ್ಮ ಮೊದಲ ಕಛೇರಿ ಇರುವುದು ತಮಗೆ ಗೊತ್ತಿಲ್ಲವೆಂದು ನಾನು ನಂಬಲಾರೆ. ಆ ವಿಷಯವನ್ನು ನಾವು ತಮ್ಮ ಎದುರಿನಲ್ಲಿಯೇ ಎಷ್ಟೋ ಸಲ ಕಿರುಚಿ ಮಾತಾಡಿದ್ದೇವೆ, ಮೆಲ್ಲಗೆ ಮಾತಾಡಲು ತಾವು ಬಿಟ್ಟದ್ದು ಯಾವಾಗ?

ನಾವಾಗಿ ತಮ್ಮ ಬಳಿಗೆ ಬಂದವರಲ್ಲ, ಊರು ನಮ್ಮನ್ನು ತಮ್ಮ ಬಳಿಗೆ ಅಟ್ಟಿತು. ಒಂದು ಎಸ್ಟೇಟಿನ ಹಳೆಯ ಬ್ಯಾಂಡು ಮುಚ್ಚಿದಾಗ ಅದರ ವಾದ್ಯಗಳು ನಮ್ಮ ಪಾಲಿಗೆ ಬಂದವು. ಮೊದಲು ಶಾಲೆಯ ಜಗಲಿಯಲ್ಲಿ ಊದಿ ನೋಡಿದೆವು. ಮಕ್ಕಳು ಮಗ್ಗಿಯನ್ನು ನಮ್ಮ ಡ್ರಮ್ಮಿಗೆ ಸರಿಯಾಗಿ ಹೇಳಲು ಹೋಗಿ ಏಳೇಳಲ ಎಂಬಲ್ಲಿ ಸಿಕ್ಕಿಕೊಂಡು ಮುಂದೆ ಹೋಗದಾದಾಗ ಹೆಡ್ಮಾಸ್ತರರು ಕೈಮುಗಿದು ಕಳಿಸಿಕೊಟ್ಟರು. ಸಂತೆಕಟ್ಟೆಯಲ್ಲಿ ಊದಿದಾಗ ಒಂದು ಎತ್ತು ಗೂಟ ಕಿತ್ತುಕೊಂಡು ಹೋದದ್ದು ಮರುದಿನದವರೆಗೂ ಸಿಗಲಿಲ್ಲ. ಆಗ ಪೋಕರ್ ಬ್ಯಾರಿಗಳು, ಅವರ ಒಳ್ಳೆಯ ಮನಸ್ಸಿನ ಬಗ್ಗೆ ನಾನು ಏನೂ ಹೇಳುವಂತಿಲ್ಲ, “ನಮ್ಮ ಉಮಿ ಶೆಡ್ಡಿನಲ್ಲಿ ಊದಿ ಮಾರಾಯ್ರೆ, ಈ ಇಂಜಿನಿನ ಎದುರು ನಿಮ್ಮದು ಎಂತ ಗಲಾಟೆ” ಎಂದರು. ಅಂದಿನಿಂದ ಪ್ರತಿ ಸಂಜೆ ಉಮಿಯ ರಾಶಿಯ ಪಕ್ಕದಲ್ಲಿ ನಿಂತು, ಮೀಸೆಯಲ್ಲಿ ತೌಡು ತುಂಬಿಸಿಕೊಂಡು, ನಾವು ಸಂಗೀತ ಕಲಿತೆವು.

ಕಲಿಸಿದವರು ಮೇದಪ್ಪಣ್ಣನೆಂದು ನಾವು ತಿಳಿದಿದ್ದೆವು. ತಮಗೆ ಅವರ ಪರಿಚಯ ಚೆನ್ನಾಗಿಯೇ ಇದ್ದರೂ ಇದನ್ನು ಓದುವ ಉಳಿದವರಿಗಾಗಿ ಹೇಳುತ್ತೇನೆ. ಮೇದಪ್ಪಣ್ಣ ಮಿಲಿಟರಿಯ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು ಹೊತ್ತು ಬಾರಿಸಿದವರು, ಪಿಂಚಣಿ ತೆಗೆದುಕೊಂಡು ಊರಿಗೆ ಬಂದವರು. ದೊಡ್ಡ ಡ್ರಮ್ಮಿನವನ ಜಾಗ ಸಾಲಿನ ಕೊನೆಯಲ್ಲಿ. ಅಷ್ಟೂ ವರ್ಷ ಅವರು ಕಂಡದ್ದು ಮುಂದಿನವನ ಬೆನ್ನನ್ನು ಮಾತ್ರ. ಕೋಲು ಹಿಡಿದು ಎಲ್ಲರ ಎದುರು ನಿಲ್ಲುವ ಮಾಸ್ತರನಿಗೆ ಬ್ಯಾಂಡು ಹೇಗೆ ಕಾಣಿಸುತ್ತದೆ ಎಂದು ಒಂದು ಸಲವಾದರೂ ನೋಡಬೇಕೆಂಬುದು ಅವರ ಆಸೆ. ಇದನ್ನು ಅವರು ನನ್ನೊಡನೆ ಒಂದೇ ಸಲ ಹೇಳಿದ್ದು, ಹೇಳಿದ ಮೇಲೆ ನಾಚಿಕೊಂಡು ಬೀಡಿ ಹಚ್ಚಿದರು. ಅವರ ಕಿವಿ ಮಂದವೆಂಬುದು ಇಡೀ ಪೇಟೆಗೆ ಗೊತ್ತು, ಎಷ್ಟು ಮಂದವೆಂಬುದು ಯಾರಿಗೂ ಗೊತ್ತಿರಲಿಲ್ಲ. ಮಿಲ್ಲಿನ ಬಾಗಿಲಲ್ಲಿ ಬೂಟು ಕಳಚಿಟ್ಟು ಬರಿಗಾಲಲ್ಲಿ ಒಳಗೆ ಬರುತ್ತಿದ್ದರು. ಅನ್ನ ಹುಟ್ಟುವ ಜಾಗವೆಂಬ ಭಕ್ತಿ ಇರಬೇಕೆಂದು ನಾವೂ ಚಪ್ಪಲಿ ಕಳಚಿಡುತ್ತಿದ್ದೆವು.

ಇನ್ನು ತಮ್ಮ ವಿದ್ಯಾದಾನವನ್ನು ಹೊಗಳದಿದ್ದರೆ ನಾನು ಕೃತಘ್ನನಾಗುತ್ತೇನೆ. ತಾವು ಒಂದು ದಿನವೂ ತಡವಾಗಿ ಬಂದವರಲ್ಲ, ರಜೆ ಕೇಳಿದವರಲ್ಲ, ಬೀಡಿ ಸೇದಲು ಹೊರಗೆ ಹೋದವರಲ್ಲ, ಒಳಗಿದ್ದೇ ಹೊಗೆ ಬಿಟ್ಟವರು. ತಮ್ಮ ಆ ಢುಂ ಢುಂ ಎಂಬ ಗಂಭೀರ ನಡೆಗೆ ನಮ್ಮ ಹನ್ನೊಂದು ಮಂದಿಯೂ ಒಂದೇ ಹೆಜ್ಜೆಯಲ್ಲಿ ನಡೆಯುವಂತೆ ಊದಲು ಕಲಿತದ್ದು ಸುಳ್ಳಲ್ಲ. ನಮ್ಮ ಪದ ಸುರುವಾದ ಕೂಡಲೇ ಮಿಲ್ಲಿನ ಆಳುಗಳು ಉತ್ಸಾಹದಿಂದ ಭತ್ತದ ಗೋಣಿಯ ಬಾಯಿ ಬಿಚ್ಚಲು ತೊಡಗುತ್ತಿದ್ದರು, ಪದದ ಮೂರನೇ ಭಾಗ ಬರುವಾಗ ಸರಿಯಾಗಿ ಸುರಿಯುತ್ತಿದ್ದರು. ಭಾರ ಬಿದ್ದು ತಾವು ಒಮ್ಮೆ ಏದುಸಿರು ಬಿಟ್ಟು ನಿಧಾನವಾಗಿ, ಮತ್ತೆ ಸುಧಾರಿಸಿಕೊಂಡು ಓಡುತ್ತಿದ್ದಿರಿ. ನಾವೂ ಅಲ್ಲಿ ನಿಧಾನವಾಗಿ, ಮತ್ತೆ ಓಡುತ್ತಿದ್ದೆವು. ಅದು ಆ ಪದದಲ್ಲಿಯೇ ಇರುವ ಯಾವುದೋ ಪರದೇಶದ ಸೊಗಸೆಂದು ನಾವು ನಂಬಿದ್ದಲ್ಲದೆ, ಮೊದಲನೇ ಕ್ಲಾರಿಯೋನೆಟ್ಟಿನ ಟೈಲರ್ ದೇವದಾಸನು ಆ ಜಾಗದಲ್ಲಿ ಕಣ್ಣು ಮುಚ್ಚಿ ತಲೆಯನ್ನೂ ತೂಗುತ್ತಿದ್ದನು. ಸಂಜೆ ತಮ್ಮನ್ನು ನಿಲ್ಲಿಸಿದಾಗ ತಾವು ಢುಂ ಎಂದು, ಸ್ವಲ್ಪ ಬಿಟ್ಟು ಢುಂ ಎಂದು, ಇನ್ನೂ ಸ್ವಲ್ಪ ಬಿಟ್ಟು ಸುಮ್ಮನಾಗುತ್ತಿದ್ದಿರಿ. ನಾವು ಪದ ಮುಗಿಸಲು ಕಲಿತದ್ದು ಹಾಗೆಯೇ, ಬೇರೆ ರೀತಿಯಿಂದ ಮುಗಿಸಲು ಇಂದಿಗೂ ನಮಗೆ ಬರುವುದಿಲ್ಲ.

ಮೊನ್ನೆ ಶುಕ್ರವಾರ ಬ್ಯಾರಿಗಳ ಮಿಲ್ಲಿಗೆ ರಜೆ. ಶಾಲೆಯ ಮೈದಾನಿನಲ್ಲಿ, ಕಛೇರಿ ನಡೆಯುವ ಜಾಗದಲ್ಲಿಯೇ, ಒಮ್ಮೆ ಪೂರ್ತಿ ಬಾರಿಸಿ ನೋಡುವುದೆಂದು ನಿಶ್ಚಯಿಸಿದೆವು. ತಮ್ಮನ್ನು ಓಡಿಸುವ ಡ್ರೈವರ್ ಅಲಿ ಕುಂಞಿಯೇ ನಮ್ಮ ದೊಡ್ಡ ಡ್ರಮ್ಮಿನವನಾದುದರಿಂದ ಅವನು ನಮಾಜು ಮುಗಿಸಿ ಬರುವವರೆಗೆ ಕಾದು, ದೇವದಾಸನು ಹೊಲಿದ ಹೊಸ ಬಿಳಿ ಅಂಗಿಗಳನ್ನೂ ತೊಟ್ಟು, ಗಣರಾಜ್ಯದ ದಿನವನ್ನು ನಡೆಸುವ ಸಮಿತಿಯ ಹಿರಿಯರ ಎದುರು ನಿಂತೆವು. ಮೇದಪ್ಪಣ್ಣ ಬೂಟು ಕಳಚಿ ಹುಲ್ಲಿನ ಮೇಲೆ ನಿಂತು ಕೋಲು ಎತ್ತಿದರು. ನಾವು ಊದಿದೆವು. ಆಮೇಲೆ ನಡೆದದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ. ಹನ್ನೊಂದು ಮಂದಿ ಹನ್ನೊಂದು ದಾರಿ ಹಿಡಿದೆವು. ದೇವದಾಸ ಮೂರನೇ ಭಾಗದಲ್ಲಿ ಕಣ್ಣು ಮುಚ್ಚಿ ತಲೆ ತೂಗುವಾಗ ನಾನಿನ್ನೂ ಎರಡನೆಯದರಲ್ಲಿದ್ದೆ, ಸಣ್ಣ ಡ್ರಮ್ಮಿನವನು ಆಗಲೇ ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದ. ನಿಲ್ಲಿಸುವುದು ಹೇಗೆಂದು ತಿಳಿಯದೆ ಉಳಿದವರು ಉಸಿರು ಮುಗಿಯುವವರೆಗೆ ಊದಿದರು. ಹಿರಿಯರಲ್ಲೊಬ್ಬರು ಪುತ್ತೂರಿನಿಂದ ಬ್ಯಾಂಡಿನವರನ್ನು ತರಿಸುವುದು ಒಳ್ಳೆಯದೆಂದು, ನಮಗೆ ಕೇಳಿಸಲೆಂದೇ ತಗ್ಗಿಸಿದ ದನಿಯಲ್ಲಿ ಹೇಳಿದರು.

ಇಷ್ಟಾದರೂ ನಾನು ತಮಗೆ ದೂರು ಬರೆಯುತ್ತಿರಲಿಲ್ಲ. ನಮ್ಮ ಮಾನ ಹೋದರೆ ಹೋಗಲಿ, ಅದು ಸಂತೆಕಟ್ಟೆಯಲ್ಲೇ ಅರ್ಧ ಹೋಗಿತ್ತು. ಆದರೆ ಮೇದಪ್ಪಣ್ಣ ಕೋಲು ಇಳಿಸಿ, ಬರಿಗಾಲುಗಳನ್ನು ಒಂದು ಗಳಿಗೆ ನೋಡಿ, ಶಾಲೆಯ ಮೆಟ್ಟಿಲಿನ ಮೇಲೆ ಕುಳಿತುಬಿಟ್ಟರು. ನಾನು ಹತ್ತಿರ ಹೋದಾಗ, “ನೆಲದಲ್ಲಿ ಎಂತದೂ ಇಲ್ಲ ಪದ್ಮಯ್ಯ” ಎಂದರು. “ನೀವು ಊದುದು ನನಗೆ ಕೇಳುದೇ ಇಲ್ಲ ಮಾರಾಯ. ಇಷ್ಟು ದಿನ ಕಾಲಿನಲ್ಲಿ ಹಿಡಿದುಕೊಂಡು ಹೋದೆ. ಕೋಲು ದೇವದಾಸನಿಗೆ ಕೊಡು.” ಮಿಲ್ಲಿನ ನೆಲದಿಂದ ಅಂಗಾಲಿಗೆ ಬರುತ್ತಿದ್ದ ತಮ್ಮ ಬಡಿತಕ್ಕೆ ಅವರು ಕೋಲು ಆಡಿಸುತ್ತಿದ್ದರು, ಅವರ ಕೋಲು ನೋಡಿ ನಾವು ಊದುತ್ತಿದ್ದೆವು. ಬೂಟು ಕಳಚಿದ್ದು ಭಕ್ತಿಯಿಂದಲ್ಲ. ನನಗೆ ಅಳು ಬಂತು ಮಹಾಶಯರೇ, ಗುಮಾಸ್ತನಾದ ಮಾತ್ರಕ್ಕೆ ಅಳು ಬಾರದೆಂದಿಲ್ಲ. ಜೀವಮಾನವೆಲ್ಲ ಬೇರೆಯವರ ಬೆನ್ನು ನೋಡಿದ ಮನುಷ್ಯ ಎದುರು ನಿಲ್ಲುವ ದಿನ ಬಂದಾಗ ತಾವು ಬೆನ್ನು ತಿರುಗಿಸಿ ಹೊರಟಿದ್ದೀರಿ. ಇದೇ ನನ್ನ ದೂರು.

ಪರಿಹಾರವಾಗಿ ತಾವು ಗಣರಾಜ್ಯದ ದಿನ ಶಾಲೆಯ ಮೈದಾನಿಗೆ ದಯಮಾಡಿಸಬೇಕೆಂದು ಕೇಳಲು ಮೊದಲು ಯೋಚಿಸಿದ್ದೆ. ವೇದಿಕೆಯ ಮೇಲೆ ಅಧಿಕಾರಿಗಳ ಬಲಕ್ಕೆ ತಮಗೊಂದು ಆಸನ, ಕೊಳವೆಗೊಂದು ಹೂವಿನ ಹಾರ ಎಂದೂ ಗುರುತು ಹಾಕಿಟ್ಟಿದ್ದೆ. ಬ್ಯಾರಿಗಳನ್ನು ಕೇಳಿದಾಗ ಅವರು, “ನೆಲದ ಬೋಲ್ಟ್ ಬಿಚ್ಚಿ ಅದನ್ನು ಸುರು ಮಾಡಿದ್ರೆ ಲಾರಿ ಬೇಡ, ಅದೇ ಹಾರಿಕೊಂಡು ಕೊಲ್ಲಮೊಗ್ರಿಗೆ ಹೋಗುದು” ಎಂದು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, ತಮ್ಮನ್ನು ಒಯ್ಯಬೇಕಾದ ಲಾರಿಯವನಿಗೆ ಕಛೇರಿ ಮುಗಿದ ಮೇಲೆ ಇಪ್ಪತ್ತೇಳಕ್ಕೆ ಬರಲು ಹೇಳಿ ಕಳಿಸಿದರು. ಸಮಿತಿಯವರ ಕಾಲು ಹಿಡಿದು, ಅಂದರೆ ನಿಜವಾಗಿಯೇ ಒಬ್ಬರ ಕಾಲು ಹಿಡಿದು, ಕಛೇರಿಯನ್ನು ಮೈದಾನಿನಿಂದ ಮಿಲ್ಲಿನ ಒಳಗೇ ವರ್ಗಾಯಿಸಲು ಒಪ್ಪಿಸಿದ್ದೇನೆ. ಜನ ಅಂಗಳದಲ್ಲಿ, ಅಧಿಕಾರಿಗಳು ತೌಡಿನ ಗೋಣಿಗಳ ಪಕ್ಕದಲ್ಲಿ. ಆದುದರಿಂದ ಆ ಸಂಜೆ ತಾವು ಈ ಕೆಳಗಿನಂತೆ ನಡೆದುಕೊಳ್ಳಬೇಕಾಗಿ ವಿನಂತಿ.

ಅಧಿಕಾರಿಗಳ ಮುಖಕ್ಕೆ ಹೊಗೆ ಬಿಡಬಾರದು, ಬಿಡಲೇಬೇಕೆಂದಾದರೆ ಅವರ ಭಾಷಣದ ಹೊತ್ತಿಗೆ ಬಿಡಬಹುದು. ಬಿಳಿ ಅಂಗಿಗಳಿಗೆ ಎಣ್ಣೆ ಸಿಡಿಸಬಾರದು. ಮೋಟಾರು ಕೂರಿಸಿದ ಮೇಲೆ ತಮ್ಮ ಬೆಲ್ಟು ಕಳಚಿರುವುದರಿಂದ ತಮ್ಮ ಮೇಲೆ ಭತ್ತದ ಭಾರ ಬೀಳುವುದಿಲ್ಲವೆಂಬುದು ನನಗೆ ತಿಳಿದಿದ್ದರೂ, ಪದದ ಮೂರನೇ ಭಾಗದಲ್ಲಿ ಭಾರ ಬಿದ್ದವರಂತೆ ಏದುಸಿರು ಬಿಟ್ಟು ನಟಿಸಬೇಕು. ಮೂರು ಪದಗಳು ಮುಗಿಯುವವರೆಗೆ ನಿಲ್ಲಬಾರದು, ಮುಗಿದ ಕೂಡಲೇ ನಿಲ್ಲಬೇಕು, ನಿಲ್ಲುವಾಗ ಎಂದಿನಂತೆ ಮರ್ಯಾದೆಯಿಂದ ನಿಲ್ಲಬೇಕು. ಮುಖ್ಯವಾಗಿ, ಮೇದಪ್ಪಣ್ಣನ ಅಂಗಾಲಿನ ಕೆಳಗೆ ಗಟ್ಟಿಯಾಗಿ ಬಡಿಯಬೇಕು. ಕೋಲನ್ನು ನಾನು ದೇವದಾಸನಿಗೆ ಕೊಟ್ಟಿಲ್ಲ, ನನ್ನ ಮೇಜಿನ ಡ್ರಾಯರಿನಲ್ಲಿ ಬೀಗ ಹಾಕಿಟ್ಟಿದ್ದೇನೆ.

ತಮ್ಮ ಗುಟ್ಟು ತಿಳಿದ ಮೇಲೂ ಗೌರವ ಬಿಡದ,
ತಮ್ಮ ವಿಶ್ವಾಸಿ,
ಪದ್ಮಯ್ಯ
ಕಾರ್ಯದರ್ಶಿ, ಸರ್ವಜನ ಬ್ಯಾಂಡ್ ಸಂಘ

ಮರೆತ ಮಾತು: ಇದನ್ನು ಇಪ್ಪತ್ತೇಳರ ಬೆಳಿಗ್ಗೆ, ಲಾರಿ ಬರುವ ಮೊದಲು ಸೇರಿಸುತ್ತಿದ್ದೇನೆ. ತಾವು ನನ್ನ ಒಂದು ವಿನಂತಿಯನ್ನೂ ನಡೆಸಿಕೊಡಲಿಲ್ಲವೆಂದು ವಿಷಾದದಿಂದ ದಾಖಲಿಸುತ್ತೇನೆ. ಮೊದಲನೇ ಪದದ ಮೂರನೇ ಭಾಗದಲ್ಲಿ ತಾವು ಏದುಸಿರು ಬಿಡದೆ ನೆಟ್ಟಗೆ ಓಡಿದಿರಿ. ನಾವಾದರೋ ಅಭ್ಯಾಸಬಲದಿಂದ ಅಲ್ಲಿ ನಿಧಾನವಾದೆವು, ಹನ್ನೊಂದು ಮಂದಿಯೂ ಒಟ್ಟಿಗೆ. ಅಂಗಳದಲ್ಲಿ ಕುಳಿತಿದ್ದ, ಮಿಲ್ಲಿನಲ್ಲಿ ಮೊರ ಹಿಡಿದು ಅಕ್ಕಿ ಗೇರುವ ತಿಮ್ಮಕ್ಕ, “ಈಗ ಭತ್ತ ಹಾಕಿದ್ರು ನೋಡಿ” ಎಂದು ಪಕ್ಕದವಳಿಗೆ ಹೇಳಿದಳೆಂದು ಆಮೇಲೆ ತಿಳಿಯಿತು, ಜನರೆಲ್ಲ ತಲೆ ತೂಗಿದರು. ಅಲಿ ಕುಂಞಿ ಬಿಳಿ ಅಂಗಿಗೆ ಎಣ್ಣೆ ತಾಗುತ್ತದೆಂದು ತಮ್ಮ ತೊಟ್ಟಿಗೆ ತೈಲ ತುಂಬಿಸಲು ಹೋಗಿರಲಿಲ್ಲ. ಎರಡನೇ ಪದದ ನಡುವಿನಲ್ಲಿ ತಾವು ಹೇಳದೆ ಕೇಳದೆ ನಿಂತುಬಿಟ್ಟಿರಿ. ಊದುವುದರಲ್ಲಿ ಮುಳುಗಿದ್ದ ನಮಗೆ ಅದು ತಿಳಿಯಲೇ ಇಲ್ಲ, ತಿಳಿದದ್ದು, ಡ್ರಾಯರಿನ ಕೋಲನ್ನು ಮತ್ತೆ ಹಿಡಿದು ಬರಿಗಾಲಲ್ಲಿ ನಿಂತಿದ್ದ ಮೇದಪ್ಪಣ್ಣನಿಗೆ ಮಾತ್ರ. ಅವರು ಕೆಳಗೆ ಕಾಲು ನೋಡಿದರು. ಮತ್ತೆ ತಲೆಯೆತ್ತಿ ನಮ್ಮ ಮುಖಗಳನ್ನು ನೋಡಿದರು, ಅಲಿ ಕುಂಞಿಯ ಕೈ ಏಳುವುದನ್ನೂ ಇಳಿಯುವುದನ್ನೂ ನೋಡಿದರು. ಆಮೇಲೆ ಡ್ರಮ್ಮಿನ ಆ ಕೈಗೆ ಸರಿಯಾಗಿ ಕೋಲು ಆಡಿಸುತ್ತಲೇ, ಬೆನ್ನ ಹಿಂದೆ ಬಾಗಿಲ ಬಳಿ ಇಟ್ಟಿದ್ದ ಬೂಟುಗಳನ್ನು ಕಾಲಿನಿಂದ ಎಳೆದುಕೊಂಡು, ಒಂದಾದ ಮೇಲೊಂದು ಹಾಕಿಕೊಂಡರು. ಮೂರನೇ ಪದ ಬೂಟು ಹಾಕಿಕೊಂಡೇ ಆಯಿತು. ಕೊನೆಯಲ್ಲಿ ಅವರು ಮುಷ್ಟಿ ಬಿಗಿದಾಗ ಎಲ್ಲರೂ ಒಮ್ಮೆಗೇ ನಿಲ್ಲಿಸಿದರು, ನನ್ನದು ಮಾತ್ರ ಸ್ವಲ್ಪ ಹೆಚ್ಚು ಹೊತ್ತು ಕೇಳಿಸಿತು, ಅದು ನನ್ನ ಉಸಿರು ದೊಡ್ಡದಾದುದರಿಂದ. ತಮಗೆ ಹೊಸ ಊರಿನಲ್ಲಿ ಒಳ್ಳೆಯದಾಗಲಿ. ಕೊಲ್ಲಮೊಗ್ರಿನಲ್ಲಿ ಯಾರಾದರೂ ಕಡಬದ ಬ್ಯಾಂಡಿನ ಮಾಸ್ತರರು ಯಾರೆಂದು ಕೇಳಿದರೆ ತಾವೆಂದು ಮಾತ್ರ ಹೇಳಿಕೊಳ್ಳಬೇಡಿ, ನಮ್ಮ ಮಾಸ್ತರರು ಬೂಟು ಹಾಕುತ್ತಾರೆ.