ವೈನ್ ರ‍್ಯಾಕಿನೊಳಗೆ ನನ್ನ ಬಲಗೈ

ಕೂಸಿರುವ ಮನೆಗೆ ವೈನ್ ರ‍್ಯಾಕ್ ಆರಿಸುವುದು ಹೇಗೆಂದು ನನ್ನಿಂದ ಕಲಿಯಬೇಕು! ಹಾಗೆಂದು ಗಂಡನ ಮುಂದೆ ಎದೆ ತಟ್ಟಿಕೊಂಡವಳು ನಾನೇ.

ನಮ್ಮವರು, ಶ್ರೀಶೈಲ, ದ್ರಾಕ್ಷಿ ಬೆಳೆಗಾರರು. ಈ ಸಲ ಹಣ್ಣು ಕೊಂಡ ವೈನ್ ಕಂಪನಿಯವರು ಪ್ರೀತಿ ಉಕ್ಕಿ ಆರು ಬಾಟಲಿ ಕೊಟ್ಟುಬಿಟ್ಟರು. ಅದೂ ಯಾವ ಮನೆಗೆ? ಲಿಂಗಪೂಜೆಯಾಗದೆ ನೀರೂ ಮುಟ್ಟದ ನನ್ನ ಅತ್ತೆ ಹೊನ್ನವ್ವನವರ ಮನೆಗೆ! ಬಾಟಲಿಗಳು ಸಿಮೆಂಟ್ ಚೀಲ ಹೊದ್ದು ಅಟ್ಟ ಸೇರಿದವು. ನನ್ನ ನಿದ್ದೆ ಹಾರಿಹೋಯಿತು. ಉರುಳಿ ಎರಡು ವರ್ಷದ ಮಗಳ ತಲೆ ಮೇಲೆ ಬಿದ್ದರೆ? ಗಾಜು ಕಾಲಿಗೆ ಚುಚ್ಚಿದರೆ? ಎಲ್ಲಕ್ಕಿಂತ ಮೊದಲು, ಅತ್ತೆಗೆ ಗೊತ್ತಾದರೆ? ಕೊನೆಗೆ ಉಪಾಯ ಹೂಡಿದೆ. ಲೇಬಲ್ ಕಿತ್ತು, ಭದ್ರವಾದ ರ‍್ಯಾಕಿನಲ್ಲಿ ಮಲಗಿಸಿ, "ಲಿಂಬಿ ಶರಬತ್ತರಿ ಅತ್ತಿ" ಎಂದುಬಿಡುವುದು!

ಇಂಡಿ ಊರಿನ ಬಜಾರದಲ್ಲಿ ಮಹಮ್ಮದಹನೀಫರ ಹಳೇ ಸಾಮಾನಿನ ಅಂಗಡಿ. ಸೊಲ್ಲಾಪುರದ ಯಾವುದೋ ಹೋಟೆಲು ಮುಚ್ಚಿದಾಗ ಬಂದ ಮೂರು ರ‍್ಯಾಕು ಅಲ್ಲಿದ್ದವು. ಅತ್ತೆ ಪಕ್ಕದ ಅಂಗಡಿಯಲ್ಲಿ ನಾಗರಪಂಚಮಿ ಉಂಡಿಗೆ ಬೆಲ್ಲ ನೋಡುತ್ತಿದ್ದರು. ಅವರು ಬರುವುದರೊಳಗೆ ಮುಗಿಸಬೇಕು!

"ಕಟ್ಟಿಗಿದು ಒಯ್ಯೂನು?" ಮಗಳನ್ನು ಹೆಗಲ ಮೇಲೆ ಹೊತ್ತಿದ್ದ ಇವರು ಕೇಳಿದರು.

"ಮೂಲಿ ನೋಡ್ರೀ! ಕೂಸಿನ ಕಣ್ಣಿಗೆ ನೆಟ್ಟಗೈತಿ."

"ಗಾಜಿಂದು?"

"ಗಾಜಾ? ನೀವು ಅಪ್ಪ ಹೌದೋ ಅಲ್ಲೋ?"

ಮೂರನೆಯದು ಕಬ್ಬಿಣದ್ದು. ಮೂಲೆಯೇ ಇಲ್ಲದ, ತತ್ತಿಯಾಕಾರದ ಕಿಂಡಿಗಳು.

"ಇದರಾಗ ಕೂಸು ಕೈ ಹಾಕಿದ್ರ?"

"ಅಕ್ಕಾರ, ಬಾಟ್ಲಿ ಹೋಗಿ ಬರೂ ಕಿಂಡ್ಯಾಗ ಕೂಸಿನ ಕೈ ಯಾಕ ಸಿಗತೈತ್ರಿ?" ಹನೀಫರು ನಕ್ಕರು.

"ಪರೀಕ್ಷಾ ಮಾಡಲಾರದ ನಾ ಏನೂ ಒಯ್ಯಂಗಿಲ್ಲ!"

ಹೀಗೆ ಘೋಷಿಸಿ ಬಲಗೈಯನ್ನು ಮೊಣಕೈವರೆಗೆ ತೂರಿಸಿದೆ. ಹೋಯಿತು. ಬರಲಿಲ್ಲ!

ಹಬ್ಬಕ್ಕೆಂದು ಅತ್ತೆ ಹಿಂದಿನ ದಿನವಷ್ಟೇ ಇಡಿಸಿದ್ದ ಹಸಿರು ಗಾಜಿನ ಬಳೆಗಳು, ಹೋಗುವಾಗ ಓರೆಯಾಗಿ ನುಸುಳಿದ್ದವು, ಬರುವಾಗ ಅಡ್ಡ ನಿಂತಿದ್ದವು. ಎಳೆದೆ. ಮಗಳನ್ನು ಕೆಳಗಿಳಿಸಿ ಇವರು ಎಳೆದರು. ಹನೀಫರು ರ‍್ಯಾಕು ಎಳೆದರು. ಬಜಾರವೆಲ್ಲ ನೋಡಲು ನೆರೆಯಿತು.

"ನಾಕು ಬಳಿ ಒಡದ್ರ ಕೈ ಬರತೈತಿ. ಕಣ್ಣ ಮುಚ್ಚು, ಜಯಾ," ಎಂದು ಇವರು ಸುತ್ತಿಗೆ ಎತ್ತಿದರು. ಮುಚ್ಚಿದೆ.

"ಏ ಶ್ರೀಶೈಲಾ!" ಬಾಗಿಲಲ್ಲಿ ಸಿಡಿಲು, ಅತ್ತೆ! "ಪಂಚಮಿ ಮುಂದ ಇಟ್ಕೊಂಡು ಮುತ್ತೈದಿ ಬಳಿ ಒಡಿತೀಯೇನೋ? ಬಳಿ ಮುಟ್ಟಬ್ಯಾಡ. ಕಬ್ಬಿಣ ಕಡಿ!"

ಎದುರಿನ ವೆಲ್ಡಿಂಗ್ ಅಂಗಡಿಯ ಜುಲ್ಫಿಕರ ಗ್ರೈಂಡರ್ ಹಿಡಿದು ಬಂದ. ನನ್ನ ಕೈಗೆ ಹಸಿ ಗೋಣಿಚೀಲ ಸುತ್ತಿದರು. ಗರ್ರ್! ಕಿಡಿ ಹಾರಿತು. ನಾನು ಶಿವಶಿವಾ ಎಂದೆ. ಮಗಳು ಮಾತ್ರ ಚಪ್ಪಾಳೆ ತಟ್ಟಿ "ಮತ್ತ! ಮತ್ತ!" ಎನ್ನುತ್ತಿದ್ದಳು. ಕೊನೆಗೂ ಕೈ ಬಂತು. ಒಂದು ಬಳೆಯೂ ಒಡೆದಿರಲಿಲ್ಲ. ರ‍್ಯಾಕು ಎರಡು ಹೋಳು!

ಅತ್ತೆ ಒಂದು ಹೋಳನ್ನು ತಿರುಗಿಸಿ ನೋಡಿದರು. "ಹನೀಫಾ, ಇದರಾಗ ಏನ ಇಡ್ತಾರಪಾ?"

ನಾನು ಹನೀಫರಿಗೆ ಕಣ್ಣು ಮಿಟುಕಿಸಿದೆ. ಕೆಮ್ಮಿದೆ. ಕಾಲು ತುಳಿಯಬೇಕೆಂದರೆ ದೂರವಿದ್ದರು!

"ಸುಳ್ಳ ಯಾಕ ಹೇಳಲ್ರಿ ಅವ್ವಾರ? ದಾರೂ ಬಾಟ್ಲಿ ಇಡೂದಿದು."

ಇವರು ಫ್ಯಾನ್ ನೋಡತೊಡಗಿದರು, ಅದು ತಿರುಗುತ್ತಲೇ ಇರಲಿಲ್ಲ.

"ಅಟ್ಟದ ಮ್ಯಾಲಿನ ಸಿಮೆಂಟ್ ಚೀಲದಾಗಿನ ಬಾಟ್ಲಿಗೇನು?"

"ಹೌದ್ರಿ ಅತ್ತಿ. ತಪ್ಪಾತ್ರಿ..." ಎಂದೆ.

"ಅವೆಲ್ಲಿ ಉಳದಾವ? ಮೊನ್ನೆ ಎಮ್ಮಿ ಹೊಟ್ಟಿ ಉಬ್ಬಿ ಒದ್ದಾಡಾಕತ್ತಿತ್ತು, ಡಾಕ್ಟರ್ ಸಿಗಲಿಲ್ಲ. ಔಷಧ ಹುಡಕಾಕ ಅಟ್ಟ ಏರಿದ್ರ ಇವು ಸಿಕ್ಕವು. ಮೂಸಿ ನೋಡಿದೆ, ಏನಂತ ತಿಳೀತು. ಆರೂ ಬಾಟ್ಲಿ ಅದರ ಬಾಯಾಗ ಹೊಯ್ದೆ. ಆರಾಮ ಆತು."

ಬದುಕಿದೆ ಎಂದುಕೊಂಡೆ. ಮರುಕ್ಷಣವೇ ಮಗಳು ಕುಡಿಯುವ ಹಾಲು ನೆನಪಾಯಿತು. "ಅತ್ತೀ, ಅದರ ಹಾಲು... ಕೂಸು..."

"ಅಷ್ಟ ತಿಳಿಯಂಗಿಲ್ಲೇನ ನನಗ? ಕೂಸಿಗೆ ಪರಸಪ್ಪನ ಮನಿ ಆಕಳ ಹಾಲು ತರಿಸೀನಿ. ಎಮ್ಮಿ ಹಾಲು ಮೂರು ದಿನ ನಿಮ್ಮಿಬ್ಬರ ಚಹಾಕ್ಕ ಹಾಕೀನಿ. ಕುಡೀಬೇಕಂತ ಆಸೆ ಇತ್ತಲ್ಲ? ಕುಡದ್ರಿ!"