ಎದುರು ಮನೆ ಮುಂದಿನ ಚಪ್ಪಲಿ ರಾಶಿ

ಮನುಷ್ಯನಿಗೆ ನೆಮ್ಮದಿ ಮುಖ್ಯ ಎಂದು ಭಾಷಣ ಮಾಡುವ ಗಂಡಸರು ಮನೆಯಲ್ಲಿ ಹೆಂಡತಿಯನ್ನು ಕೇಳಿರುವುದಿಲ್ಲ. ನಾನೂ ಕೇಳಿರಲಿಲ್ಲ. ನಮ್ಮೂರು ಕೊಂಡ್ಲಹಳ್ಳಿಯಲ್ಲಿ ಬಸ್ಸಿಗೆಂದು ಹೊರಟರೆ ಸಾಕು, "ಎಲ್ಲಿಗೆ ಹೊಂಟೆ? ಯಾಕೆ? ಯಾವಾಗ ಬರ್ತೀಯಾ?" ಎಂದು ಊರೇ ವಿಚಾರಣೆ ನಡೆಸುತ್ತಿತ್ತು. ಈ ಕಾಟವೇ ಬೇಡವೆಂದು, ನಾನು ಗುಮಾಸ್ತನಾಗಿರುವ ಎಣ್ಣೆ ಮಿಲ್ಲಿನ ಹತ್ತಿರವೇ, ಚಳ್ಳಕೆರೆಯಲ್ಲಿ ಬಾಡಿಗೆ ಮನೆ ಹಿಡಿದೆ. ಚಳ್ಳಕೆರೆಯನ್ನು ಸಿಟಿ ಎಂದರೆ ಬೆಂಗಳೂರಿನವರು ನಗಬಹುದು. ನಗಲಿ ಬಿಡಿ, ಪಾಪ, ಅವರಿಗೆ ಬೇರೆ ಸುಖವೇನಿದೆ?

ನಮ್ಮ ಬೀದಿಯಲ್ಲಿ ಹಗಲೆಲ್ಲ ಬಾಗಿಲುಗಳು ಬಂದ್. ನನಗೆ ಸ್ವರ್ಗ. ನನ್ನ ಹೆಂಡತಿ ಗೌರಮ್ಮ ಮಾತ್ರ ಬಾಡಿಹೋದಳು. ಊಟ ಸೇರದು, ನಿದ್ದೆ ಹತ್ತದು. "ಕುಕ್ಕರ್ ಕೂಗಿದ್ರೆ ಯಾರೋ ನನ್ನ ಕರೆದಂಗಾಗ್ತೈತ್ರಿ" ಎಂದಳು. ಡಾಕ್ಟರು "ಮನಸ್ಸಿಗೆ ಬೇಜಾರಾಗಿದೆ, ನಾಲ್ಕು ಜನರ ಜೊತೆ ಮಾತಾಡಲಿ" ಎಂದರು. ಮಾತ್ರೆ ಬರೆದಿದ್ದರೆ ತಂದುಕೊಡುತ್ತಿದ್ದೆ, ನಾಲ್ಕು ಜನರನ್ನು ಎಲ್ಲಿಂದ ತರಲಿ? "ಇನ್ನೊಂದು ವಾರ ನೋಡ್ತೀನಿ. ಆಮೇಲೆ ನಾನು ಊರಿಗೆ ಹೋಗ್ತೀನಿ, ನೀವು ನಿಮ್ಮ ನೆಮ್ಮದಿ ಕಟ್ಕೊಂಡು ಇಲ್ಲೇ ಇರ್ರಿ" ಎಂದು ಗೌರಮ್ಮ ಖಂಡತುಂಡವಾಗಿ ಹೇಳಿಬಿಟ್ಟಳು.

ಅದೇ ವಾರ ಒಂದು ಮಧ್ಯಾಹ್ನ ಎದುರಿನ ಮೆಕ್ಯಾನಿಕ್ ಬಾಷಾ ಅವರ ಮನೆ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಮಾತ್ರ ಒಂದೂ ಸದ್ದಿಲ್ಲ. ಇಷ್ಟು ಜನ ಸೇರಿಯೂ ಗದ್ದಲವಿಲ್ಲವೆಂದರೆ ನಮ್ಮೂರಲ್ಲಿ ಅದು ಸಾವಿನ ಮನೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರೇ ಅನ್ನ ಒಯ್ಯಬೇಕು. ಗೌರಮ್ಮ ದೊಡ್ಡ ಪಾತ್ರೆಗಳಲ್ಲಿ ಅನ್ನ, ಬೇಳೆಸಾರು ಹೊತ್ತು ಹೋಗಿ ಬಾಗಿಲು ತಟ್ಟಿದಳು. ಬಾಷಾ ಅವರ ಹೆಂಡತಿ ಶಾಹಿನಾ ಬಾಗಿಲು ತೆಗೆದದ್ದೇ ತಡ, ಇವಳು "ಯಾರು ತೀರ್ಕೊಂಡ್ರವ್ವಾ?" ಎನ್ನುತ್ತ ಗೊಳೋ ಎಂದು ಅತ್ತೇಬಿಟ್ಟಳು.

"ಯಾ ಅಲ್ಲಾ! ಯಾರೂ ಇಲ್ಲ ಅಕ್ಕಾ! ಹೊಸಾ ಎ.ಸಿ. ಹಾಕ್ಸಿದೀವಿ. ತಂಪು ಐತೆ ಅಂತ ಬಂದ ನೆಂಟರೆಲ್ಲಾ ಮಲಗವ್ರೆ, ಎಬ್ಬಿಸಿದ್ರೂ ಏಳ್ತಾ ಇಲ್ಲ!"

ನಾನಾಗಿದ್ದರೆ ನಾಚಿಕೆಗೆ ಮನೆಯನ್ನೇ ಖಾಲಿ ಮಾಡುತ್ತಿದ್ದೆ. ಅವರಿಬ್ಬರೂ ಹೊಸ್ತಿಲಲ್ಲೇ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ನೆಂಟರು ಎದ್ದು ಸಾರನ್ನು ಬಳಿದು ಉಂಡರಂತೆ. ಅಂದಿನಿಂದ ಗೌರಮ್ಮನ ಸಂಸಾರವೆಲ್ಲ ಎದುರು ಮನೆಯಲ್ಲೇ. ರಾತ್ರಿ ದಿಂಬಿಗೆ ತಲೆ ತಾಗುವುದೇ ತಡ, ಗೊರಕೆ ಹೊಡೆಯುತ್ತಾಳೆ.

ಈಚೆಗೆ ನನಗೇ ಏನೋ ಕಳವಳ. ಮಿಲ್ಲಿನಿಂದ ಬಂದರೆ ಮನೆಯಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಮೊನ್ನೆ ಅವಮಾನ ನುಂಗಿಕೊಂಡು ಎದುರು ಮನೆಗೇ ಹೋಗಿ, "ಯಾಕೋ ಮನಸ್ಸು ಸರಿಯಿಲ್ಲ ಕಣೇ" ಎಂದೆ. ಗೌರಮ್ಮ ಶಾಹಿನಾಳ ಜೊತೆಗಿನ ಮಾತನ್ನು ಅರ್ಧಕ್ಕೆ ನಿಲ್ಲಿಸಿ, "ಹಂಗಾದ್ರೆ ನೀವು ಊರಿಗೆ ಹೋಗಿ ನಾಕು ದಿನ ಇದ್ದು ಬರ್ರಿ. ನನಗೆ ಪುರುಸೊತ್ತಿಲ್ಲ" ಎಂದಳು.