ಎರಡು ಗೋಡೆಯ ವ್ಯಾನು

ಲಾರಿ, ವ್ಯಾನುಗಳಿಗೆ ಬಾಡಿ ಕಟ್ಟೋ ಶೆಡ್ ಇಟ್ಟವನು ತಮಾಷೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ತಾನಾಗೇ ಗೇಟು ತಳ್ಳಿಕೊಂಡು ಒಳಗೆ ಬಂದು, "ಮೇಸ್ತ್ರಿ ಇದ್ದಾರಾ?" ಅಂತ ಕೇಳುತ್ತೆ. ಎಂಬತ್ತರ ದಶಕದ ಶುರುವಿನಲ್ಲಿ ಕೋಲಾರದ ನನ್ನ ಶೆಡ್ಡಿಗೆ ಹಾಗೆ ಬಂದವರು ಒಬ್ಬ ಟೆಂಟ್ ಸಿನಿಮಾ ಯಜಮಾನರು.

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಅಂತ ಊರೂರಿಗೆ ಹೋಗಿ ಟೆಂಟ್ ಹಾಕೋರು. ಗೇಟಿನವನ ಮೇಲೆ ಅನುಮಾನ, ರೀಲು ಬಿಡೋನ ಮೇಲೆ ಅನುಮಾನ, ಸೋಡಾ ಮಾರೋನ ಮೇಲಂತೂ ಕೇಳೋದೇ ಬೇಡ. ಟೆಂಟಿನ ಪಕ್ಕದಲ್ಲೇ ಇದ್ದು ಎಲ್ಲರನ್ನೂ ಕಾಯಬೇಕು ಅಂತ ಒಂದು ಹಳೇ ವ್ಯಾನು ತಂದು ನಿಲ್ಲಿಸಿದರು. "ಇದನ್ನ ಮನೆ ಥರಾ ಮಾಡಿಕೊಡಯ್ಯಾ. ಮಧ್ಯಾಹ್ನ ತಗಡು ಕಾದು ನಾನು ಒಳಗೆ ಬೇಯಬಾರದು, ಅಷ್ಟೇ."

ಹೊರಗಿನ ತಗಡಿಗೂ ಒಳಗಿನ ಪ್ಲೈವುಡ್ಡಿಗೂ ಮಧ್ಯೆ ಶಾಖ ತಡೆಯೋ ಸಾಮಾನು ತುಂಬಬೇಕು ಅಂದೆ.

"ತುಂಬಿ ಮೇಲೆ ಮುಚ್ಚಿಬಿಡ್ತೀಯಾ?"

"ಹೂಂ ಸಾರ್."

"ಮುಚ್ಚಿದ ಮೇಲೆ ಕಾಣಲ್ಲ?"

"ಗೋಡೆ ಒಳಗಿದ್ದರೆ ಹೆಂಗೆ ಸಾರ್ ಕಾಣತ್ತೆ?"

ಕಳ್ಳನನ್ನ ನೋಡೋ ಹಾಗೆ ನನ್ನನ್ನ ನೋಡಿದರು. "ತುಂಬದೆ ಮುಚ್ಚಿದ್ದೀಯ ಅಂತ ಗೊತ್ತಾದರೆ, ನಾಲ್ಕು ತಾಲೂಕಿನಲ್ಲೂ ಇಂಟರ್‌ವಲ್‌ನಲ್ಲಿ ಮೈಕ್ ಹಿಡಿದು ನಿನ್ನ ಹೆಸರು ಹೇಳ್ತೀನಿ" ಅಂದರು. ಅವರಿಗೆ ಮೈಕೂ ಇತ್ತು, ಕೇಳೋ ಜನಾನೂ ಇದ್ದರು. ನಾನೋ ಶೆಡ್ ಶುರು ಮಾಡಿ ಇನ್ನೂ ವರ್ಷ ತುಂಬಿರಲಿಲ್ಲ. ಹೆಸರು ಕೆಟ್ಟರೆ ಶೆಡ್ಡಿಗೆ ಬೀಗ ಹಾಕಿ ಊರಿಗೆ ಹೋಗಬೇಕು.

ಐಸ್‌ಕ್ಯಾಂಡಿ ಪರೀಕ್ಷೆ

ಏನು ತುಂಬೋದು? ತೆಂಗಿನ ನಾರು ಅಂದೆ. "ಇಲಿ ಸಂಸಾರ ಮಾಡತ್ತೆ" ಅಂದರು ಯಜಮಾನರು. ಹತ್ತಿ ಅಂದೆ. "ಹಳೇ ಹಾಸಿಗೇದು ತುಂಬ್ತೀಯ." ರಾಗಿ ಹುಲ್ಲು ಅಂತ ನನ್ನ ಬಡಗಿ ಬಾಯಿ ಹಾಕಿದ. "ಏನ್ಲಾ, ಎಲ್ಲಿ ನಿಲ್ಲಿಸಿದರೂ ದನ ಬಂದು ನನ್ನ ವ್ಯಾನು ನೆಕ್ಕಲಿ ಅಂತಾನಾ?" ಅಂತ ಅವನಿಗೂ ಬೈಗುಳ ಆಯಿತು.

ಕೊನೆಗೆ ಬೆಂಗಳೂರಿಂದ ಥರ್ಮೋಕೋಲ್ ಹಾಳೆ ತಂದೆ. ರೇಡಿಯೋ ಡಬ್ಬದಲ್ಲಿ ಬರತ್ತಲ್ಲ, ಆ ಬಿಳೀದು. ಯಜಮಾನರು ಕೈಯಲ್ಲಿ ಎತ್ತಿ ನೋಡಿ, "ಭಾರಾನೇ ಇಲ್ಲವಲ್ಲಯ್ಯಾ! ಏನೋ ಮೋಸ ಇದೆ" ಅಂದರು.

ನನಗೂ ರೇಗಿತು. ಎರಡು ಬಿಸ್ಕತ್ ಡಬ್ಬ ತಂದು, ಒಂದರೊಳಗೆ ಸುತ್ತ ಥರ್ಮೋಕೋಲ್ ಹಾಕಿ, ಎರಡರಲ್ಲೂ ಒಂದೊಂದು ಐಸ್‌ಕ್ಯಾಂಡಿ ಇಟ್ಟು ಬಿಸಿಲಿಗೆ ಇಟ್ಟೆ. ನಾವು ಕಾಫಿ ಕುಡಿದು ಬರೋ ಹೊತ್ತಿಗೆ ಬರೀ ಡಬ್ಬದಲ್ಲಿ ಕಡ್ಡಿ, ಕೆಂಪು ನೀರು. ಥರ್ಮೋಕೋಲ್ ಡಬ್ಬದಲ್ಲಿ ಕ್ಯಾಂಡಿ ಗಟ್ಟಿಯಾಗಿ ಕೂತಿತ್ತು. ಗೆದ್ದೆ ಅಂದುಕೊಂಡೆ.

"ಇದು ಹೊಸ ಕ್ಯಾಂಡಿ. ಈಗ ತಂದು ಹಾಕಿದ್ದೀರ" ಅಂದರು.

ಮತ್ತೆ ತರಿಸಿದೆವು. ಈ ಸಲ ಗುರುತಿಗೆ ಅಂತ ಅವರೇ ಒಂದು ಕಡೆ ಕಚ್ಚಿ ಇಟ್ಟರು. ಟವೆಲ್ ತಲೆ ಮೇಲೆ ಹಾಕಿಕೊಂಡು, ಡಬ್ಬದ ಪಕ್ಕ ಸ್ಟೂಲ್ ಹಾಕಿಕೊಂಡು ಬಿಸಿಲಲ್ಲಿ ಕೂತೇ ಕೂತರು. ಮುಚ್ಚಳ ತೆಗೆದರೆ ಕ್ಯಾಂಡಿ ಹಾಗೇ ಇದೆ, ಕಚ್ಚಿದ ಗುರುತೂ ಇದೆ. ಬೆವರು ಒರೆಸಿಕೊಂಡು ಎತ್ತಿ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ ನನ್ನ ಬಡಗಿಗೆ ಹೇಳಿದರು: "ಎಲ್ಲಿ, ನೀನು ಹಲ್ಲು ತೋರಿಸು."

ಮಂಚದ ಅಳತೆ

ಥರ್ಮೋಕೋಲೇ ಆಗಲಿ ಅಂತ ಒಪ್ಪಿಗೆ ಆಯಿತು. ಮಾರನೇ ದಿನ ಶ್ರೀನಿವಾಸಪುರದ ಬಸ್ಸಿಳಿದು ಒಬ್ಬರು ಹೆಂಗಸು ಶೆಡ್ಡಿಗೆ ಬಂದರು. ಯಜಮಾನರ ಹೆಂಡತಿ.

"ಏಮಯ್ಯಾ ಮೇಸ್ತ್ರಿ, ವ್ಯಾನಿಗೆ ಪರದೆ ಬೇರೆ ಹಾಕ್ತಿದ್ದೀರಂತೆ?"

"ಬಿಸಿಲಿಗೆ ಅಮ್ಮಾ."

"ಗೋಡೆ ಯಾಕೆ ಎರಡೆರಡು? ಒಳಗೆ ಮಾತಾಡಿದ್ದು ಹೊರಗೆ ಕೇಳಿಸಬಾರದು ಅಂತಾನಾ?"

"ಅದೂ ಬಿಸಿಲಿಗೇ ಅಮ್ಮಾ."

ಒಳಗೆ ಇಣುಕಿದರು. "ಮಂಚ ಒಬ್ಬರಿಗೋ, ಇಬ್ಬರಿಗೋ?"

ಅಯ್ಯೋ ಶಿವನೇ! ಒಬ್ಬರಿಗೆ ಅಂದರೆ, ನನ್ನ ಕರ್ಕೊಂಡು ಹೋಗಲ್ವಾ ಅಂತಾರೆ. ಇಬ್ಬರಿಗೆ ಅಂದರೆ, ಇನ್ನೊಬ್ಬಳು ಯಾರು ಅಂತಾರೆ. ಜಾಣತನ ಮಾಡೋಣ ಅಂತ, "ಒಂದೂವರೆ ಜನಕ್ಕೆ ಅಮ್ಮಾ" ಅಂದೆ.

ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಆ ಅರ್ಧ ಯಾವೋಳು?"

ವ್ಯಾನಿನ ಮೊದಲನೇ ಪ್ರಯಾಣಕ್ಕೆ ತಾವೂ ಬರೋದು ಅಂತ ಅಲ್ಲೇ ತೀರ್ಮಾನ ಮಾಡಿಬಿಟ್ಟರು.

ಶ್ರುತಿ

ತುಂಬೋ ಕೆಲಸ ಶುರುವಾಯಿತು. ಯಜಮಾನರು ಒಳಗೇ ಕೂತು, ಒಂದೊಂದು ಹಾಳೆ ಇಟ್ಟಿದ್ದನ್ನ ಕಣ್ಣಾರೆ ನೋಡಿ, "ಹಾಂ, ಮುಚ್ಚು" ಅಂದ ಮೇಲೇ ನಾನು ಪ್ಲೈವುಡ್ ಹೊಡೀಬೇಕು. ಎಲ್ಲಾ ಸರಿಯಾಗೇ ನಡೀತಿತ್ತು. ಆದರೆ ಊಟದ ಹೊತ್ತಲ್ಲಿ ಅವರು ಹೋಟೆಲಿಗೆ ಹೋದಾಗ, ನನ್ನ ಬಡಗಿ ಹಿಂದುಗಡೆ ಗೋಡೆಗೆ ಹಾಳೆ ತುಂಬಿ ಪ್ಲೈವುಡ್ ಹಲಗೆ ಮುಚ್ಚಿಬಿಟ್ಟ. ಮುಗೀತು ಕಥೆ. ಬಿಚ್ಚಿ ತೋರಿಸ್ತೀನಿ ಅಂದರೆ, "ಈಗ ಬಿಚ್ಚಿ, ಸಂದಿಯಲ್ಲಿ ತುರುಕಿ ತೋರಿಸ್ತೀಯ. ಗೊತ್ತು ಕಣಯ್ಯಾ" ಅಂದರು.

ತಟ್ಟಿ ಶಬ್ದ ಕೇಳಿದರೆ ತಿಳಿಯತ್ತೆ ಅಂತ ಸುಗಟೂರಿಂದ ಒಬ್ಬ ಡೋಲು ಬಾರಿಸೋನನ್ನ ಕರ್ಕೊಂಡು ಬಂದರು. ಅವನು ಕಣ್ಣು ಮುಚ್ಚಿಕೊಂಡು ಆ ಗೋಡೆ, ಈ ಗೋಡೆ ಎಲ್ಲಾ ತಟ್ಟಿದ. ನನ್ನ ಮಾನ ಅವನ ಬೆರಳ ತುದೀಲಿತ್ತು. ಕೊನೆಗೆ ಕಣ್ಣು ಬಿಟ್ಟು ಹೇಳಿದ: "ಒಳಗೆ ಏನಾದರೂ ಇದೆಯೋ ಇಲ್ಲವೋ ಕಾಣೆ ಸ್ವಾಮಿ. ಶ್ರುತಿ ಮಾತ್ರ ಸೇರ್ತಿಲ್ಲ."

ಚೆಕ್‌ಪೋಸ್ಟ್

ವ್ಯಾನು ಮುಗೀತು, ಯಜಮಾನರ ಅನುಮಾನ ಮುಗೀಲಿಲ್ಲ. ಟೆಂಟಿಗೆ ಹೊಸ ಜಾಗ ನೋಡಿ ಬರೋಣ ಅಂತ ಆಂಧ್ರದ ಗಡಿ ಕಡೆ ಹೊರಟೆವು. ಯಜಮಾನರು, ಅವರ ಹೆಂಡತಿ, ಜೊತೆಗೆ ನಾನು. "ಸೆಖೆ ಆದರೆ ಹೊಣೆ ನೀನೇ, ಬಾ" ಅಂತ ಎಳಕೊಂಡು ಹೋಗಿದ್ದರು. ಮುಳಬಾಗಿಲು ದಾಟಿ ಚೆಕ್‌ಪೋಸ್ಟಿನಲ್ಲಿ ದಫೇದಾರರು ಕೈ ಅಡ್ಡ ಹಾಕಿದರು. ಗಡಿ ದಾಟಿಸೋರು ಅಕ್ಕಿ, ಸಾರಾಯಿ ಎಲ್ಲೆಲ್ಲೋ ಬಚ್ಚಿಡುತ್ತಿದ್ದ ಕಾಲ. ಗೋಡೆ ತಟ್ಟಿದರು.

"ಇದೇನು, ಗೋಡೆ ಎರಡಿವೆ? ಮಧ್ಯೆ ಏನಿದೆ?"

ನಾನು ಬಾಯಿ ತೆರೆಯೋ ಮೊದಲೇ ಯಜಮಾನರ ಮುಖ ಅರಳಿತು. "ಅದನ್ನೇ ನಾನೂ ಕೇಳ್ತಿರೋದು ಸಾರ್! ಬಿಚ್ಚಿಸಿ! ಹಿಂದಿನ ಹಲಗೆ ಮೊದಲು ಬಿಚ್ಚಿಸಿ!"

ದಫೇದಾರರು ಕಣ್ಣು ಕಿರಿದು ಮಾಡಿದರು. ಬಿಚ್ಚಬೇಡಿ ಅಂತ ಕಾಲಿಗೆ ಬೀಳೋರನ್ನ ನೋಡಿದ್ದರೇ ಹೊರತು, ಬಿಚ್ಚಿ ಅನ್ನೋನನ್ನ ನೋಡಿರಲಿಲ್ಲ. "ಓಹೋ, ಹಿಂದಿನದು ತೋರಿಸ್ತಿದ್ದೀಯ ಅಂದರೆ ಮಾಲು ಮುಂದಿನದರಲ್ಲಿದೆ. ಏಯ್, ಎಲ್ಲಾ ಬಿಚ್ಚು!"

ಬಿಚ್ಚಿದೆ. ಒಂದೊಂದು ಸ್ಕ್ರೂ ತಿರುಗಿಸುವಾಗಲೂ ದೇವರನ್ನ ನೆನೆದೆ. ಎಲ್ಲಾ ಹಲಗೆ ರಸ್ತೆ ಬದಿಗೆ ಬಂದವು. ನೋಡಿದರೆ ಎಲ್ಲಾ ಕಡೆ ಬೆಳ್ಳಗೆ ಥರ್ಮೋಕೋಲ್, ಬೆರಳು ತೂರೋಷ್ಟು ಜಾಗ ಇಲ್ಲ. ದಫೇದಾರರು ಹಾಳೆಗಳನ್ನೂ ಎಳೆಸಿ, ಹಿಂದೆ ಇಣುಕಿ, ಮುಖ ಸಪ್ಪಗೆ ಮಾಡಿಕೊಂಡು, "ಹೋಗಿ, ಹೋಗಿ" ಅಂದರು.

ಯಜಮಾನರು ಓಡಿ ಬಂದು ನನ್ನ ತಬ್ಬಿಕೊಂಡರು. "ಮೇಸ್ತ್ರಿ, ನೀನು ದೇವರಂಥೋನು ಕಣಯ್ಯಾ! ನಾಲ್ಕು ತಾಲೂಕಿಗೂ ಹೇಳ್ತೀನಿ." ನನ್ನ ಕಣ್ಣಲ್ಲಿ ನೀರೇ ಬಂತು. ಗಂಡ ಹೆಂಡತಿ ಖುಷಿಯಾಗಿ ಎದುರಿನ ಅಂಗಡಿಗೆ ಟೀ ಕುಡಿಯೋಕೆ ಹೋದರು. ನಾನು ಹುರುಪಿನಲ್ಲಿ ಹಾಳೆಗಳನ್ನೆಲ್ಲಾ ಮತ್ತೆ ಜೋಡಿಸಿ, ಹಲಗೆ ಹೊಡೆದು, ಸ್ಕ್ರೂ ಬಿಗಿ ಮಾಡಿ ಕೈ ಒರೆಸಿಕೊಂಡು ನಿಂತೆ.

ಯಜಮಾನರು ವಾಪಸ್ಸು ಬಂದರು. ಮುಚ್ಚಿದ ಗೋಡೆ ನೋಡಿದರು. ನನ್ನನ್ನ ನೋಡಿದರು. ಕೈಯಲ್ಲಿದ್ದ ಬನ್ನು ಹೆಂಡತಿಗೆ ಕೊಟ್ಟು, ಕೈ ಮುಗಿದುಕೊಂಡು ಸೀದಾ ದಫೇದಾರರ ಹತ್ತಿರ ಹೋದರು.

"ಸಾರ್, ದಯವಿಟ್ಟು ಇನ್ನೊಂದು ಸಲ ಚೆಕ್ ಮಾಡಿಬಿಡಿ."